ಮೂಲೆ ಮುರಿದ ಹರಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಉಜ್ಜಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೆನ್ನ ಹಿಂದಿನ ಮಾತು ಕಿವಿಗೆ ಬೀಳದಷ್ಟು ಆ ಕಟ್ಟಡವೇನೂ ದೊಡ್ಡದಿರಲಿಲ್ಲ, ಅವಳ ಕಿವಿಯೇನೂ ಮಂದವಿರಲಿಲ್ಲ. ಕೇಳಿಸಿಕೊಂಡು ಒಳಗೊಳಗೇ ಬೀಗುತ್ತಿದ್ದಳು. ಅವಳ ಕೆಲಸವೆಂದರೆ ಹರಳಿನ ಮೇಲೆ ಪ್ಲಾಟಿನಂನ ತೆಳ್ಳನೆಯ ಪದರ ಕೂರಿಸುವುದು. ಕೂರಿಸುವ ಮೊದಲು ಹರಳನ್ನು ತೊಳೆಯಬೇಕು. ಬೇರೆಯವರು ಒಂದು ಸಲ ತೊಳೆದು ಕೈ ಒರೆಸಿಕೊಂಡರೆ ಇವಳದು ಆಸಿಡ್ಡು, ನೀರು, ಸ್ಪಿರಿಟ್ಟು, ಮತ್ತೆ ನೀರು, ಮನಸ್ಸಿಗೆ ಸಮಾಧಾನವಾಗದಿದ್ದರೆ ಮತ್ತೆ ಮೊದಲಿನಿಂದ. ಮನೆಯಲ್ಲೂ ಅಷ್ಟೇ. ಅತ್ತೆ ಕೆಳಗಿಟ್ಟ ಲೋಟ ಮೇಜಿಗೆ ತಾಗುವುದರೊಳಗೆ ಸಿಂಕ್ ಸೇರಿರುತ್ತಿತ್ತು. ಎಷ್ಟೋ ಸಲ ಅದರಲ್ಲಿ ಇನ್ನೂ ಅರ್ಧ ಚಹಾ ಇರುತ್ತಿತ್ತು ಎಂಬುದು ಅತ್ತೆಯ ದೂರು.

ಅವಳ ಗಂಡನಿಗೂ ಅದೇ ಕಾರಿಡಾರಿನಲ್ಲಿ ಕೆಲಸ, ಎರಡು ಬಾಗಿಲು ಆಚೆ, ಕುಲುಮೆಯ ಕೋಣೆಯಲ್ಲಿ. ಅವನು ಹರಳು ಬೆಳೆಸುವವನು. ಬಣ್ಣವಿಲ್ಲದ ಸಾದಾ ಗಾರ್ನೆಟ್ ಬಿಲ್ಲೆಯ ಒಂದು ಮುಖದ ಮೇಲೆ, ಕಾಂತಗುಣವುಳ್ಳ ಇನ್ನೊಂದು ಬಗೆಯ ಗಾರ್ನೆಟ್ಟನ್ನು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಬೆಳೆಸುತ್ತಿದ್ದ. ಮಾತು ಬಲು ಕಡಿಮೆ. ಒಂದು ವಾಕ್ಯ ಹೊರಬರಬೇಕಾದರೆ ಕುಲುಮೆ ಕಾದಷ್ಟೇ ಹೊತ್ತು ಕಾಯಬೇಕು ಎಂದು ಅವನ ಹೆತ್ತ ತಾಯಿಯೇ ಹೇಳುತ್ತಿದ್ದಳು.

ಗಂಡಹೆಂಡಿರ ಕೆಲಸ ಸೇರುತ್ತಿದ್ದದ್ದು ಒಂದು ಗಡಿಯಲ್ಲಿ. ಗಂಡನ ಗಾರ್ನೆಟ್ ವಿದ್ಯುತ್ತನ್ನು ಒಂದಿಷ್ಟೂ ಹರಿಯಗೊಡದ ಪದಾರ್ಥ. ಅದರೊಳಗಿನ ಎಲೆಕ್ಟ್ರಾನುಗಳು ಸ್ವಂತ ಮನೆ ಕಟ್ಟಿಕೊಂಡ ಸಂಸಾರಸ್ಥರು, ಏನು ಮಾಡಿದರೂ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಒಂದೊಂದೂ ಒಂದು ಪುಟಾಣಿ ಅಯಸ್ಕಾಂತ, ಇದ್ದಲ್ಲೇ ತೂಗಾಡಬಲ್ಲದು. ಹರಳಿನ ಒಂದು ಬದಿಯನ್ನು ಬೆಚ್ಚಗೆ ಮಾಡಿದರೆ ಆ ತೂಗಾಟ ಪಕ್ಕದವನಿಗೆ, ಅವನಿಂದ ಅವನ ಪಕ್ಕದವನಿಗೆ ದಾಟುತ್ತದೆ. ಟಿಕೆಟ್ ಕೌಂಟರಿನ ಸಾಲಿನಲ್ಲಿ ಹಿಂದಿನವನೊಬ್ಬ ತಳ್ಳಿದರೆ, ಯಾರೂ ಹೆಜ್ಜೆ ಎತ್ತಿಡದಿದ್ದರೂ ಆ ತಳ್ಳು ಮಾತ್ರ ಮುಂದಿನವನ ಬೆನ್ನಿಗೆ ಬಂದು ಮುಟ್ಟುವುದಿಲ್ಲವೇ, ಹಾಗೆ. ಗಡಿಯಾಚೆ ಹೆಂಡತಿಯ ಪ್ಲಾಟಿನಂ. ಅಲ್ಲಿನ ಎಲೆಕ್ಟ್ರಾನುಗಳು ಅಲೆಮಾರಿಗಳು. ತಳ್ಳು ತಾಗಿದ್ದೇ ತಡ ಅಡ್ಡಕ್ಕೆ ಸರಿಯುತ್ತವೆ, ಪದರದ ಎರಡು ತುದಿಗಳ ನಡುವೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಸಂಜ್ಞೆ ಹುಟ್ಟುತ್ತದೆ. ಅದು ನಿಜವಾದದ್ದೋ ಅಲ್ಲವೋ ಎಂದು ತಿಳಿಯಬೇಕಾದರೆ ಹೊರಗಿನ ದೊಡ್ಡ ಅಯಸ್ಕಾಂತದ ದಿಕ್ಕು ತಿರುಗಿಸಬೇಕು. ಆಗ ಧನ ಇದ್ದದ್ದು ಋಣ ಆಗಬೇಕು. ಆಗದಿದ್ದರೆ ಅದು ಯಾವುದೋ ತಂತಿಯ ತಂಟೆ.

ಎಲ್ಲವೂ ಗಡಿಯ ಮೇಲೆ ನಿಂತಿರುವ ವ್ಯವಹಾರ. ಗಡಿಯಲ್ಲಿ ಒಂದು ಕೂದಲೆಳೆಯಷ್ಟು ಕೊಳೆ ಇದ್ದರೂ ತಳ್ಳು ಅಲ್ಲೇ ಸತ್ತುಹೋಗುತ್ತದೆ. ಆದರೆ ಗಡಿ ಯಾರದು? ಹರಳು ಗಂಡನದು, ಲೋಹ ಹೆಂಡತಿಯದು, ನಡುವಿನದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಹೀಗಾಗಿ ಆ ವರ್ಷ ಸಂಜ್ಞೆ ದಿನೇ ದಿನೇ ಸೊರಗುತ್ತ ಬಂದಾಗ ಇಬ್ಬರಿಗೂ ಒಂದೊಂದು ಅನುಕೂಲವಿತ್ತು. ತಪ್ಪು ಆ ಕಡೆಯದು ಎಂದು ಇಬ್ಬರೂ ಎದೆ ತಟ್ಟಿ ಹೇಳಬಹುದಿತ್ತು, ಹೇಳಿಯೂ ಬಿಟ್ಟರು.

ಹೇಳಿದ್ದು ಮುಖ್ಯಸ್ಥರ ಎದುರಿಗೆ, ಎಲ್ಲರೂ ಕೂತಿದ್ದ ಸಭೆಯಲ್ಲಿ. ಎಂದೂ ಬಾಯಿ ಬಿಡದ ಗಂಡ ಅಂದು ಬಿಟ್ಟ. "ನಾನು ಬೆಳೆಸಿದ ಪದರ ಚೆನ್ನಾಗೇ ಇರತ್ತೆ. ತೊಳೆದು ತೊಳೆದು ಅದನ್ನೇ ಸವೆಸಿಬಿಡ್ತಾಳೆ."

"ಪದರ ಇದ್ರೆ ತಾನೆ ಸವೆಯೋದು?" ಎಂದಳು ಅವಳು. "ಇವರ ಕುಲುಮೆಯಿಂದ ಬರೋದು ಬರೀ ಗಾಜು."

ಅಲ್ಲಿಗೆ ಮಾತು ನಿಂತಿತು. ಸಭೆಯಲ್ಲಷ್ಟೇ ಅಲ್ಲ, ಮನೆಯಲ್ಲೂ. ಇಬ್ಬರೂ ಮುಖ ಊದಿಸಿಕೊಂಡು ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋಗಿ ಬರತೊಡಗಿದರು. ಮನೆಯಲ್ಲಿ ಅತ್ತೆ ಸಿಕ್ಕಿಬಿದ್ದಳು. ಊಟದ ಮೇಜಿನಲ್ಲಿ ಗಂಡನ ಮೊಣಕೈ ತನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿದ್ದರೂ ಸೊಸೆ, "ಅತ್ತೆ, ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳಿ" ಎನ್ನುತ್ತಿದ್ದಳು. ಮಗ, "ಅಮ್ಮ, ಡಬ್ಬಿ ಅವಳ ಎದುರಿಗೇ ಇದೆ ಅಂತ ಹೇಳು" ಎನ್ನುತ್ತಿದ್ದ. ಅತ್ತೆ ಸ್ವಲ್ಪ ದಿನ ಹೇಳಿದಳು. ಹೇಳುವಾಗ ತನ್ನದೂ ಎರಡು ಮಾತು ಸೇರಿಸಿ ಖುಷಿಪಟ್ಟಳು. ಆಮೇಲೆ ಅವಳಿಗೂ ಸಾಕಾಯಿತು. ಒಂದು ಸಂಜೆ ಚಮಚವನ್ನು ತಟ್ಟೆಗೆ ಕುಟ್ಟಿ, "ನಾನೇನು ನಿಮ್ಮಿಬ್ಬರ ಮಧ್ಯದ ತಂತೀನಾ? ಇವತ್ತಿಂದ ಆ ಕಡೆ ಮಾತು ಈ ಕಡೆ ಇಲ್ಲ, ಈ ಕಡೆ ಮಾತು ಆ ಕಡೆ ಇಲ್ಲ. ಬೇಕಾದ್ರೆ ನೀವೇ ಆಡ್ಕೊಳ್ಳಿ" ಎಂದು ಶಪಥ ಮಾಡಿದಳು. ಅಂದಿನಿಂದ ಮನೆಯಲ್ಲಿ ಫ್ಯಾನಿನ ಸದ್ದೊಂದೇ.

ಇಷ್ಟರ ನಡುವೆ ಗಂಡನ ಕುಲುಮೆಯ ಸುರುಳಿ ಸುಟ್ಟುಹೋಯಿತು. ಹೊಸದು ಬರಲು ತಿಂಗಳುಗಳೇ ಬೇಕು. ಸುಡುವ ಮುನ್ನ ಹೊರಬಂದದ್ದು ಒಂದೇ ಒಂದು ತುಂಡು. ಉಗುರಿನಷ್ಟಗಲ, ಆಯತಾಕಾರದ್ದು. ಮುಖ್ಯಸ್ಥರು ಎಂದಿನ ಮೃದು ದನಿಯಲ್ಲಿ ತಿಳಿಸಿದರು: ಈ ತುಂಡಿನಲ್ಲಿ ಸಂಜ್ಞೆ ಬಂದರೆ ಕೆಲಸ ಮುಂದುವರಿಯುತ್ತದೆ, ಬಾರದಿದ್ದರೆ ಅಯಸ್ಕಾಂತ, ಅಳತೆಯ ಮೇಜು, ಎರಡೂ ಕೋಣೆಗಳು ಬ್ಯಾಟರಿಯವರಿಗೆ, ಅಂದರೆ ಅದೇ ಕಟ್ಟಡದಲ್ಲಿ ಬ್ಯಾಟರಿ ಸಂಶೋಧನೆ ಮಾಡುವ ತಂಡಕ್ಕೆ. ಮದುವೆಗೂ ಮೊದಲಿನಿಂದ ಇಬ್ಬರೂ ಸೇರಿ ಕಟ್ಟಿದ ಮೇಜು ಅದು. ಅದರ ಒಂದೊಂದು ತಂತಿಯನ್ನೂ ಅವಳೇ ಬೆಸೆದಿದ್ದಳು, ಅವನು ಲಾಂದ್ರದ ಕಂಬದಂತೆ ದೀಪ ಹಿಡಿದು ನಿಂತಿದ್ದ. ಸಂಸಾರದ ಮೊದಲ ಮನೆ ಯಾವುದೆಂದು ಕೇಳಿದರೆ ಅವಳು ಆ ಮೇಜನ್ನೇ ತೋರಿಸುತ್ತಿದ್ದಳು. ಬ್ಯಾಟರಿಯವರಲ್ಲೊಬ್ಬ ಮರುದಿನವೇ ಟೇಪು ಹಿಡಿದು ಬಂದು ಮೇಜಿನ ಉದ್ದಗಲ ಅಳೆದುಕೊಂಡು ಹೋದ. "ಸುಮ್ನೆ, ಒಂದು ಅಂದಾಜಿಗೆ" ಎಂದು ಹಲ್ಲು ಕಿರಿದ. ಅವಳಿಗೆ ಮೈಯೆಲ್ಲ ಉರಿಯಿತು.

ಹರಳಿನ ಪೆಟ್ಟಿಗೆ ಅವಳ ಮೇಜಿನ ಮೇಲೆ ಮಾತಿಲ್ಲದೆ ಬಂದು ಕೂತಿತ್ತು. ತೆರೆದು ನೋಡಿದಳು. ಬೆನ್ನಿನ ಮೇಲೆ ಎಂದಿನಂತೆ ಮಾರ್ಕರ್ ಪೆನ್ನಿನ ಒಂದು ಚುಕ್ಕೆ. ಚುಕ್ಕೆ ಇಲ್ಲದ್ದು ಮುಖ, ಅಂದರೆ ಕಾಂತದ ಪದರವಿರುವ ಕಡೆ. ಆದರೆ ಒಂದು ಮೂಲೆ ಮುರಿದಿತ್ತು. ಅವಳಿಗೆ ನಂಬಲಾಗಲಿಲ್ಲ. ಇಡೀ ಲೋಕದಲ್ಲಿ ಉಳಿದಿರುವ ಒಂದೇ ತುಂಡು, ಅದನ್ನೂ ಒಡೆದು ಕೊಡುವುದೇ? "ಕೋಪ ನನ್ನ ಮೇಲಿರಲಿ, ಹರಳಿನ ಮೇಲೆ ತೀರಿಸ್ಕೊಳ್ಳೋದಾ?" ಎಂದು ಖಾಲಿ ಕೋಣೆಗೆ ಕೇಳಿದಳು.

ಸಿಟ್ಟು ಬಂದಾಗ ಅವಳು ತೊಳೆಯುತ್ತಿದ್ದಳು. ಅಂದು ತೊಳೆದಂತೆ ಹಿಂದೆಂದೂ ತೊಳೆದಿರಲಿಲ್ಲ. ಸಾಮಾನ್ಯವಾಗಿ ಮುಖವನ್ನಷ್ಟೇ ತೊಳೆಯುತ್ತಿದ್ದವಳು, ನಾಳೆ ಯಾರೂ ಬೆರಳು ತೋರಿಸಬಾರದೆಂದು ಎರಡೂ ಕಡೆ ಉಜ್ಜಿದಳು. ಆಸಿಡ್ಡಿನ ಲೋಟದಲ್ಲಿ ಹಾಕಿ ಕುಲುಕಿದಳು. ಹರಳು ಅಲ್ಲಿ ಮಗುಚಿಕೊಂಡು, ತಿರುಗಿಕೊಂಡು, ಚೆನ್ನಾಗಿ ಸ್ನಾನ ಮಾಡಿ ಮೇಲೆ ಬಂತು. ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಫಳಫಳ ಹೊಳೆಯುತ್ತಿತ್ತು. ಚುಕ್ಕೆ ಮಂಗಮಾಯವಾಗಿತ್ತು.

ಮಗುಚಿ ನೋಡಿದಳು, ಆ ಕಡೆಯೂ ಇಲ್ಲ. ಎರಡು ಮುಖವೂ ಅಚ್ಚುಕಟ್ಟು, ಎರಡೂ ಒಂದೇ ಥರ. ಒಂದರ ಮೇಲೆ ಕಾಂತದ ಪದರವಿದೆ, ಇನ್ನೊಂದು ಬರಿಯ ಬೆನ್ನು. ಯಾವುದು ಯಾವುದೆಂದು ಹೇಳಬಲ್ಲವನು ಎರಡು ಬಾಗಿಲು ಆಚೆ ಕೂತಿದ್ದಾನೆ. ಎದ್ದು ಹೋಗಿ ಒಂದು ಮಾತು ಕೇಳಿದರೆ ಮುಗಿಯಿತು. ಆದರೆ ಏನೆಂದು ಕೇಳುವುದು? ತೊಳೆದು ತೊಳೆದು ಗುರುತನ್ನೇ ಅಳಿಸಿಬಿಟ್ಟೆ ಎಂದೇ? ಸಭೆಯಲ್ಲಿ ಅವನಾಡಿದ ಮಾತಿಗೆ ತಾನೇ ರುಜು ಹಾಕಿಕೊಟ್ಟಂತಾಗುವುದಿಲ್ಲವೇ?

ಕೊನೆಗೆ ಒಳಗಿನ ಫೋನೆತ್ತಿ ಕುಲುಮೆ ಕೋಣೆಯ ನಂಬರು ಒತ್ತಿದಳು. "ಹಲೋ" ಎಂದ ಗಂಡ. ಅವಳ ಬಾಯಿಂದ ಉಸಿರಷ್ಟೇ ಹೊರಬಂತು. "ಹಲೋ?" ಎಂದ ಇನ್ನೊಮ್ಮೆ. ಅವಳು ಫೋನಿಟ್ಟಳು.

ಆಮೇಲೆ ಹರಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕಣ್ಣು ಕಿರಿದು ಮಾಡಿದಳು. ಒಂದು ಕಡೆ ಎಳೆ ಹಳದಿ ಛಾಯೆ ಕಂಡಂತಾಯಿತು. ಬೇಕು ಎಂದು ನೋಡಿದರೆ ಕಿಟಕಿಯ ಗಾಜಿನಲ್ಲೂ ಅದು ಕಾಣುತ್ತಿತ್ತು, ಆದರೆ ಅವಳು ಕಿಟಕಿಯ ಗಾಜನ್ನು ನೋಡಲಿಲ್ಲ. "ಇದೇ" ಎಂದುಕೊಂಡು ಆ ಕಡೆಗೇ ಪ್ಲಾಟಿನಂ ಕೂರಿಸಿದಳು.

ಅಳತೆಯ ದಿನ ಪರದೆಯ ಮೇಲೆ ಗೆರೆ ಮಲಗಿಬಿಟ್ಟಿತು. ಕಾಯಿಸಿದರೂ ಏಳಲಿಲ್ಲ, ಅಯಸ್ಕಾಂತ ತಿರುಗಿಸಿದರೂ ಏಳಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. "ಏನಾಯ್ತಮ್ಮ?" ಎಂದು ಮೆಲ್ಲಗೆ ಕೇಳಿದರು. ಬಾಗಿಲ ಬಳಿ ಗಂಡ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಬ್ಯಾಟರಿಯವನು.

ಆಗಲಾದರೂ ಹೇಳಬಹುದಿತ್ತು. ಆದರೆ ಇಷ್ಟು ಜನರ ಎದುರು ನಾಲಿಗೆ ಅವಳ ಮಾತು ಕೇಳಲಿಲ್ಲ, ತನ್ನದೇ ಮಾತಾಡಿತು. "ಹರಳೇ ಸರಿಯಿಲ್ಲ ಸಾರ್. ಮೂಲೆ ಮುರಿದಿರೋ ತುಂಡು ಕೊಟ್ರೆ ನಾನಾದ್ರೂ ಏನು ಮಾಡ್ಲಿ?"

ಗಂಡ ಅವಳನ್ನೇ ನೋಡಿದ. ಸಿಟ್ಟಾಗಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಗುರುತಿನವರು ದಾರಿಯಲ್ಲಿ ಕಂಡೂ ಕಾಣದಂತೆ ಹೋದಾಗ ಆಗುವ ಪೆಚ್ಚುತನ. ತಿರುಗಿ ಹೊರಟುಹೋದ. ಮುಖ್ಯಸ್ಥರು ನಿಟ್ಟುಸಿರು ಬಿಟ್ಟು, "ಸರಿ, ನಾಳೆ ಸಂಜೆ ಒಳಗೆ ಮೇಜು ಖಾಲಿ ಮಾಡಿಕೊಡಿ" ಎಂದರು.

ಅಂದು ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಗಂಡ ಇನ್ನೂ ಬಂದಿರಲಿಲ್ಲ. ಅವಳು ಸಿಂಕಿನ ಮುಂದೆ ನಿಂತು, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು. ತೊಳೆಯುತ್ತ ತೊಳೆಯುತ್ತ ಅಳು ಬಂದುಬಿಟ್ಟಿತು.

"ಆ ಪಾತ್ರೆ ಇನ್ನೂ ಎಷ್ಟು ಉಜ್ತೀಯೇ? ತೂತು ಬೀಳತ್ತೆ" ಎಂದಳು ಅತ್ತೆ. ಸೊಸೆಯ ಭುಜ ಅದುರುವುದು ಕಂಡು ದನಿ ತಗ್ಗಿಸಿದಳು. "ಇಬ್ರಿಗೂ ಒಂದೇ ಹುಚ್ಚು. ನೀನು ಪಾತ್ರೆ ಉಜ್ಜು, ಅವನು ಗಾಜು ಉಜ್ಜಲಿ."

"ಗಾಜು?"

"ನಾನು ಹೇಳಲ್ಲಪ್ಪ. ಶಪಥ ಮಾಡಿದೀನಿ" ಎಂದು ಅತ್ತೆ ಎರಡು ಬಟಾಣಿ ಬಿಡಿಸಿದಳು. ಮೂರನೆಯದಕ್ಕೆ ಶಪಥ ತಡೆಯಲಿಲ್ಲ. "ಆದ್ರೆ ಇದು ಅವನಾಡಿದ ಮಾತಲ್ವಲ್ಲ, ನಾನು ಕಣ್ಣಾರೆ ಕಂಡಿದ್ದು. ಹೇಳಬಹುದು. ಆವತ್ತು ಭಾನುವಾರ ನೀನು ತಂಗಿ ಮನೆಗೆ ಹೋಗಿದ್ದೆ ನೋಡು, ಇಡೀ ದಿನ ಇಲ್ಲೇ ಕೂತಿದ್ದ. ಗಾಜಿನ ಚೂರುಗಳ ಮೂಲೆ ಉಜ್ಜೋದು, ಕಣ್ಣಿಗೆ ಮಸೂರ ಇಟ್ಟು ನೋಡೋದು, ಬಿಸಾಡೋದು. ಏನೋ ಇದು ಅಂದ್ರೆ, ಇದರ ಮೇಲೆ ಕೈ ಪಳಗಿಸ್ಕೋತಿದೀನಮ್ಮ, ನಿಜವಾದದ್ದು ಒಂದೇ ಇರೋದು ಅಂದ."

"ಅಷ್ಟೇನಾ ಅಂದಿದ್ದು?"

"ಇನ್ನೊಂದು ಗೊಣಗಿದ. ಅದು ನನಗೆ ಅಂದಿದ್ದಲ್ಲ, ತನಗೇ ಅಂದ್ಕೊಂಡಿದ್ದು. ಅದಕ್ಕೂ ಶಪಥ ಲೆಕ್ಕಕ್ಕಿಲ್ಲ. ಬರೆದಿದ್ದೆಲ್ಲ ಅಳಿಸಿಬಿಡ್ತಾಳೆ, ಇದನ್ನ ಹೇಗೆ ಅಳಿಸ್ತಾಳೋ ನೋಡೇ ಬಿಡೋಣ ಅಂದ." ಅತ್ತೆ ಎದ್ದು ಕಪಾಟಿನ ಮೇಲಿನ ಬಟ್ಟಲಿನಿಂದ ಒಂದು ಹಿಡಿ ಚೂರು ತಂದು ಮೇಜಿನ ಮೇಲೆ ಸುರಿದಳು. "ಹೊಳೀತಾವೆ ಅಂತ ಎತ್ತಿಟ್ಟಿದ್ದೆ."

ಅವಳು ಒದ್ದೆ ಕೈಯಲ್ಲೇ ಒಂದನ್ನೆತ್ತಿಕೊಂಡಳು. ಉಗುರಿನಷ್ಟಗಲದ ಆಯತ, ಒಂದು ಮೂಲೆ ಇಲ್ಲ. ಮುರಿದದ್ದಲ್ಲ, ನೇರವಾಗಿ ಉಜ್ಜಿ ತೆಗೆದದ್ದು. ಇನ್ನೊಂದನ್ನು ಎತ್ತಿದಳು. ಅದೇ ಮೂಲೆ.

ಆಗ ನೆನಪಾಯಿತು. ಇಬ್ಬರೂ ಕೆಲಸಕ್ಕೆ ಹೊಸದಾಗಿ ಸೇರಿದ್ದಾಗ, ಮದುವೆಯ ಸುದ್ದಿಯೇ ಇಲ್ಲದಿದ್ದಾಗ, ಕುಲುಮೆ ಕೋಣೆಯ ಆ ಮಾತಿಲ್ಲದ ಹುಡುಗ ಅವಳಿಗೆ ಮೊದಲ ಹರಳು ತಂದುಕೊಟ್ಟು ಒಂದೇ ಉಸಿರಿನಲ್ಲಿ ಅಷ್ಟು ಉದ್ದದ ಮಾತಾಡಿದ್ದ. ಉದ್ದನೆಯ ಅಂಚನ್ನು ನಿಮ್ಮ ಕಡೆ ಇಟ್ಕೊಳ್ಳಿ, ಕೊಯ್ದ ಮೂಲೆ ನಿಮ್ಮಿಂದ ದೂರ ಇರಲಿ. ಅದು ಬಲಕ್ಕೆ ಬಂದ್ರೆ ಪದರ ಮೇಲಿದೆ, ಎಡಕ್ಕೆ ಬಂದ್ರೆ ನೀವು ಬೆನ್ನು ನೋಡ್ತಿದೀರ. ಹೇಳಿ ಮುಗಿಸುವಷ್ಟರಲ್ಲಿ ಬೆವರಿಬಿಟ್ಟಿದ್ದ. ಅವಳು ನಕ್ಕಿದ್ದಳು. ಆಮೇಲೆ ಮಾರ್ಕರ್ ಪೆನ್ನು ಬಂತು, ಮದುವೆ ಬಂತು, ಮೂಲೆ ಮರೆತೇ ಹೋಯಿತು. ಇವತ್ತು ಅದೇ ಮೂಲೆಯನ್ನು ಹತ್ತು ಜನರ ಎದುರು ಮುರುಕು ಎಂದು ಹೀಗಳೆದು ಬಂದಿದ್ದಳು.

ಬೆಳಿಗ್ಗೆ ಬೇಗನೇ ಹೊರಟಳು. ರಾತ್ರಿ ಅವಳು ಮಲಗಿದ ಮೇಲೆ ಬಂದ ಗಂಡ ಆಗಲೇ ಎದ್ದು ಹೋಗಿದ್ದ. ಅವಳು ತನ್ನ ಕೋಣೆಯ ಬಾಗಿಲು ತಳ್ಳಿದರೆ ಅಳತೆಯ ಮೇಜಿನ ಮುಂದೆ ಅವನೇ ಕೂತಿದ್ದ, ಕಣ್ಣಿಗೆ ಮಸೂರ ಹಿಡಿದು. ಮಸೂರದ ಕೆಳಗೆ ಹರಳು.

"ಎಡಕ್ಕೆ ಬಂದಿದೆ" ಎಂದ, ತಲೆಯೆತ್ತದೆ.

ಅಷ್ಟು ದಿನಗಳಲ್ಲಿ ಅವನು ಅವಳಿಗೇ ನೇರವಾಗಿ ಆಡಿದ ಮೊದಲ ಮಾತು ಅದು. ಅವಳು ಹತ್ತಿರ ಬಂದಳು. "ಚುಕ್ಕೆ ಅಳಿಸಿಹೋಯ್ತು ರೀ. ನಾನೇ ಅಳಿಸಿದೆ. ಬೆನ್ನಿಗೆ ಕೂರಿಸಿಬಿಟ್ಟೆ."

"ಗೊತ್ತು. ನಿನ್ನೆ ಮೂಲೆ ಮುರಿದಿದೆ ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು, ಮರೆತಿದೀಯ ಅಂತ."

"ಮತ್ತೆ ಅಲ್ಲೇ ಹೇಳ್ಬಾರ್ದಿತ್ತಾ?"

"ನೀನು ಫೋನ್ ಮಾಡಿದಾಗ್ಲೇ ಕೇಳ್ಬಾರ್ದಿತ್ತಾ?"

"ಯಾವ ಫೋನು?"

"ಮಾತಾಡದೆ ಇಟ್ಯಲ್ಲ, ಅದು. ನಿನ್ನ ಉಸಿರು ನಂಗೆ ಗೊತ್ತಾಗಲ್ವಾ? ಇಡೀ ಕಟ್ಟಡದಲ್ಲಿ ಅಷ್ಟು ಕೋಪವಾಗಿ ಉಸಿರಾಡೋರು ಬೇರೆ ಯಾರಿದಾರೆ?"

ಅವಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಆಮೇಲೆ ಕೋಟು ತೊಟ್ಟು ತೋಳು ಮಡಚಿದಳು, ಸಂಜೆಯವರೆಗೆ ಸಮಯವಿತ್ತು. ಹರಳಿನ ನಿಜವಾದ ಮುಖಕ್ಕೆ ಈಗ ಅಂಟು ಮೆತ್ತಿಕೊಂಡಿತ್ತು, ಅದೇ ಮುಖವನ್ನು ಅವಳು ಕೆಳಗೆ ಮಾಡಿ ಪೀಠಕ್ಕೆ ಅಂಟಿಸಿದ್ದಳು. ಅಂಥ ಅಂಟನ್ನು ಗಡಿಯಲ್ಲಿ ಒಂದು ಕಣವೂ ಉಳಿಯದಂತೆ ತೆಗೆಯುವುದು ಬೇರೆಯವರಿಂದ ಆಗುವ ಕೆಲಸವಾಗಿರಲಿಲ್ಲ. ಅವಳು ತೊಳೆದಳು. ಗಂಡ ಪಕ್ಕದಲ್ಲಿ ದೀಪ ಹಿಡಿದು ನಿಂತ. ಮೂರನೆಯ ಸಲ ಆಸಿಡ್ಡಿನ ಲೋಟ ಎತ್ತಿಕೊಂಡಾಗ ಅವನು ಕೆಮ್ಮಿದ.

"ಏನು?"

"ಏನಿಲ್ಲ" ಎಂದ. "ತೊಳಿ, ತೊಳಿ."

ಪ್ಲಾಟಿನಂ ಕೂರಿಸಿ, ತಂತಿ ಬೆಸೆದು, ಅಯಸ್ಕಾಂತದ ನಡುವೆ ಇಡುವಷ್ಟರಲ್ಲಿ ಬ್ಯಾಟರಿಯವನು ಕೈಗಾಡಿ ತಳ್ಳಿಕೊಂಡು ಬಾಗಿಲಿಗೆ ಬಂದ. ಹಿಂದೆಯೇ ಮುಖ್ಯಸ್ಥರು. "ಒಂದೇ ನಿಮಿಷ" ಎಂದಳು ಅವಳು, ಯಾರ ಮುಖವನ್ನೂ ನೋಡದೆ. ಗಂಡ ಕಾಯಿಸುವ ಗುಂಡಿ ಒತ್ತಿದ. ಗೆರೆ ಮಲಗಿತ್ತು. ಹಾಗೇ ಮಲಗಿತ್ತು. ಅವಳ ಕೈ ಅವಳಿಗೇ ತಿಳಿಯದಂತೆ ಗಂಡನ ತೋಳು ಹಿಡಿದಿತ್ತು. ಆಮೇಲೆ ಗೆರೆ ಮೆಲ್ಲಗೆ, ನಿದ್ದೆಯಿಂದ ಏಳುವವರಂತೆ, ಮೇಲೆದ್ದಿತು.

"ತಿರುಗಿಸಿ" ಎಂದರು ಮುಖ್ಯಸ್ಥರು. ಅವರ ದನಿ ಮೊದಲ ಸಲ ಸ್ವಲ್ಪ ಏರಿತ್ತು.

ಅವಳು ಅಯಸ್ಕಾಂತದ ದಿಕ್ಕು ತಿರುಗಿಸಿದಳು. ಗೆರೆ ಸರ್ರನೆ ಕೆಳಗಿಳಿಯಿತು, ಮೇಲೆ ಎಷ್ಟು ಹತ್ತಿತ್ತೋ ಅಷ್ಟೇ ಕೆಳಗೆ. ಮತ್ತೆ ತಿರುಗಿಸಿದಳು, ಮೇಲೆ. ಮತ್ತೆ, ಕೆಳಗೆ. ನಂಬಿಕೆ ಬರಲೆಂದು ಅಷ್ಟು ಸಲ ಬೇಕಿರಲಿಲ್ಲ, ಸಂತೋಷಕ್ಕೆ ಬೇಕಿತ್ತು.

"ಹಾಗಾದ್ರೆ ನಿನ್ನೆಯ ಗೆರೆ?" ಎಂದು ಮುಖ್ಯಸ್ಥರು ಕೇಳಿದರು.

"ನಿನ್ನೆ ನಾನು ಬೆನ್ನಿಗೆ ಬಳಿದಿದ್ದೆ ಸಾರ್" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಹರಳು ಚೆನ್ನಾಗೇ ಇತ್ತು. ಮೂಲೇನೂ ಮುರಿದಿರ್ಲಿಲ್ಲ. ನಂಗೆ ಗೊತ್ತಾಗ್ಲಿ ಅಂತಾನೇ ಇವರು ಕೊಯ್ದು ಕೊಟ್ಟಿದ್ದು, ನಾನು ಓದಲಿಲ್ಲ."

ಮುಖ್ಯಸ್ಥರು ಇಬ್ಬರನ್ನೂ ನೋಡಿದರು. "ಪದರ ಇಲ್ಲದ ಕಡೆ ಸಂಜ್ಞೆ ಇಲ್ಲ, ಇರೋ ಕಡೆ ಇದೆ. ಒಂದೇ ಹರಳಿನಲ್ಲಿ ಎರಡೂ. ಬೇಕು ಅಂತ ಮಾಡಿದ್ರೂ ಇಷ್ಟು ಒಳ್ಳೆ ಸಾಕ್ಷಿ ಸಿಗ್ತಿರಲಿಲ್ಲ" ಎಂದು ನಕ್ಕುಬಿಟ್ಟರು. ಬ್ಯಾಟರಿಯವನು ಕೈಗಾಡಿಯನ್ನು ಹಿಂದಕ್ಕೆ ತಿರುಗಿಸಿದ. ಗಂಡ ಅವನನ್ನು ಬಾಗಿಲವರೆಗೆ ಕಳಿಸಿಕೊಟ್ಟು, "ಅಳತೆ ಬರ್ಕೊಂಡಿದ್ರಲ್ಲ, ಅದನ್ನ ಅಳಿಸಬೇಕಂದ್ರೆ ಇವಳ ಹತ್ರ ಕೊಡಿ" ಎಂದ. ಅಷ್ಟು ಉದ್ದದ ತಮಾಷೆ ಅವನ ಬಾಯಿಂದ ಬಂದದ್ದನ್ನು ಆ ಕಾರಿಡಾರು ಹಿಂದೆ ಕೇಳಿರಲಿಲ್ಲ.

ಸಂಜೆ ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದರು. ಊಟಕ್ಕೆ ಕೂತಾಗ ಅವಳು, "ರೀ, ಉಪ್ಪು" ಎಂದಳು. ಅವನು ಡಬ್ಬಿ ತಳ್ಳಿದ. ಅತ್ತೆ ಅವರಿಬ್ಬರನ್ನೂ ಒಂದು ಸಲ ನೋಡಿ, "ಅಬ್ಬಾ" ಎಂದಳು. ಹಾಗೆನ್ನುತ್ತ ತನ್ನ ಲೋಟವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು, ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.

ಹೊಸ ಸುರುಳಿ ಬರಲು ತಡವಾಯಿತು, ಬಂದ ಮೇಲೆ ಕುಲುಮೆ ಮತ್ತೆ ಹೊತ್ತಿಕೊಂಡಿತು. ಮೊದಲ ಹರಳು ಪೆಟ್ಟಿಗೆಯಲ್ಲಿ ಅವಳ ಮೇಜಿಗೆ ಬಂತು. ಬೆನ್ನಿನ ಮೇಲೆ ಚುಕ್ಕೆ ಇರಲಿಲ್ಲ. ಮೂಲೆ ಮಾತ್ರ ನೇರವಾಗಿ, ನುಣ್ಣಗೆ ಕೊಯ್ದಿತ್ತು. ಅವಳು ಉದ್ದನೆಯ ಅಂಚನ್ನು ತನ್ನ ಕಡೆ ಇಟ್ಟುಕೊಂಡಳು. ಮೂಲೆ ದೂರದಲ್ಲಿ, ಬಲಕ್ಕೆ ಬಂತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಫೋನೆತ್ತಿ ಕುಲುಮೆ ಕೋಣೆಯ ನಂಬರು ಒತ್ತಿದಳು.

"ಹಲೋ."

"ರೀ, ಯಾವ ಕಡೆ?"

"ಮೂಲೆ ನೋಡು."

"ನೋಡಿದೆ, ಗೊತ್ತಾಯ್ತು. ನೀವು ಬಾಯ್ಬಿಟ್ಟು ಹೇಳಿ."

ಆ ಕಡೆ ಸ್ವಲ್ಪ ಹೊತ್ತು ಕುಲುಮೆಯ ಗುಂಯ್ ಸದ್ದಷ್ಟೇ ಕೇಳಿಸಿತು. ಅವಳು ಫೋನು ಇಡದೆ ಕಾದಳು.

"ಮೂಲೆ ಬಲಕ್ಕೆ ಬಂದಾಗ ಮೇಲಿರೋ ಕಡೆ" ಎಂದ ಅವನು.